ಉತ್ತರ ಬಂದಿತ್ತು, ಕಾಯುವವರಿರಲಿಲ್ಲ: ಚಿಂತಾಮಣಿ ತೋಟದ ಒಂದು ಟೈಮ್‌ಔಟ್ ಪ್ರಕರಣ

ತೋಟ ಇರುವುದು ಚಿಂತಾಮಣಿಯಿಂದ ಕೈವಾರದ ಕಡೆಗೆ, ಒಂದು ಬಂಡೆಗುಡ್ಡದ ಮಗ್ಗುಲಲ್ಲಿ. ಮೇಲ್ಭಾಗದಲ್ಲಿ ಹಿಪ್ಪುನೇರಳೆ, ಕೆಳಗೆ ಟೊಮೆಟೊ, ಗುಡ್ಡದ ಆಚೆ ಬದಿಗೆ ಸ್ವಲ್ಪ ದಾಳಿಂಬೆ. ಕೊಳವೆಬಾವಿಯ ನೀರು ಮೊದಲು ಹಾಳೆ ಹೊದಿಸಿದ ಕೃಷಿ ಹೊಂಡಕ್ಕೆ ಬೀಳುತ್ತದೆ. ಹೊಂಡದ ದಡದಲ್ಲಿರುವ ಇನ್ನೊಂದು ಮೋಟರ್ ಆ ನೀರನ್ನು ಎಂಟು ಪ್ಲಾಟ್‌ಗಳ ಡ್ರಿಪ್ಪಿಗೆ ತಳ್ಳುತ್ತದೆ. ತ್ರೀ ಫೇಸ್ ಕರೆಂಟು ಪಾಳಿಯಲ್ಲಿ ಬರುವ ಊರು ಅದು. ರಾತ್ರಿ ಪಾಳಿ ಬಂದರೆ ನಡುರಾತ್ರಿ ಎದ್ದು, ಟಾರ್ಚ್ ಹಿಡಿದು, ಪ್ಲಾಟಿನಿಂದ ಪ್ಲಾಟಿಗೆ ಹೋಗಿ ಗೇಟ್ ವಾಲ್ವ್ ತಿರುಗಿಸಬೇಕು. ಅದು ತಪ್ಪಲಿ ಅಂತಲೇ ಯಜಮಾನರು ವೈರ್‌ಲೆಸ್ ವಾಲ್ವ್‌ಗಳನ್ನು ಹಾಕಿಸಿದ್ದರು.

ವ್ಯವಸ್ಥೆ ಸರಳವಾದದ್ದು. ಮೋಟರ್ ಮನೆಯಲ್ಲಿ ಒಂದು ಮಾಸ್ಟರ್ ಕಂಟ್ರೋಲರ್, ಪ್ರತಿ ಪ್ಲಾಟಿನ ತಲೆಯಲ್ಲಿ ಒಂದೊಂದು ವಾಲ್ವ್ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಚಿಕ್ಕ ಸೋಲಾರ್ ಪ್ಯಾನೆಲ್ಲಿನಿಂದ ತುಂಬುವ ಬ್ಯಾಟರಿ, ಲೋರಾ ರೇಡಿಯೋ (ಕಡಿಮೆ ಶಕ್ತಿಯಲ್ಲಿ ದೂರ ತಲುಪುವಂಥದ್ದು), ಲ್ಯಾಚಿಂಗ್ ಸೊಲೆನಾಯ್ಡ್. ಈ ಸೊಲೆನಾಯ್ಡಿಗೆ ಒಂದು ಸಲ ಬಲವಾಗಿ ಕರೆಂಟಿನ ಏಟು ಕೊಟ್ಟರೆ ತೆರೆದುಕೊಳ್ಳುತ್ತದೆ, ಉಲ್ಟಾ ಏಟು ಕೊಟ್ಟರೆ ಮುಚ್ಚುತ್ತದೆ, ನಡುವೆ ಬ್ಯಾಟರಿ ತಿನ್ನುವುದಿಲ್ಲ. ಏಟಿಗೆ ಬೇಕಾದ ಶಕ್ತಿಯನ್ನು ಮೊದಲು ಒಂದು ಕೆಪಾಸಿಟರಿಗೆ ತುಂಬಿಸಿಕೊಳ್ಳಬೇಕು. ಈ ತುಂಬಿಸುವ ಕೆಲಸವನ್ನು ಓದುಗರು ನೆನಪಿಟ್ಟುಕೊಳ್ಳಲಿ, ಮುಂದೆ ಬೇಕಾಗುತ್ತದೆ. ರೇಡಿಯೋ ನಡೆಯುವುದು ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡದ 865ರಿಂದ 868 ಮೆಗಾಹರ್ಟ್ಝ್ ಪಟ್ಟಿಯಲ್ಲಿ.

ನಮ್ಮನ್ನು ಕರೆದದ್ದು ಮುಖ್ಯ ಪೈಪಿನ ಒಂದು ಜಾಯಿಂಟ್ ಸಿಡಿದ ಮೇಲೆ. ಯಜಮಾನರ ದೂರು ಮೂರು ತರದ್ದಾಗಿತ್ತು. "ಐದನೇ ವಾಲ್ವ್ ತೆರೆದಿದೆ ಅಂತ ಫೋನಿಗೆ ಬರುತ್ತಣ್ಣಾ, ಹೋಗಿ ನೋಡಿದ್ರೆ ನೀರು ನಾಲ್ಕನೇದರಲ್ಲಿ ಹರೀತಾ ಇರುತ್ತೆ. ಟೊಮೆಟೊ ಬುಡ ಕೊಳೆಯೋಕೆ ಶುರುವಾಗಿದೆ." ಇದು ಮೊದಲನೆಯದು. ಎರಡನೆಯದು, ನಾಲ್ಕನೇ ಪೆಟ್ಟಿಗೆ ಟೈಮ್‌ಔಟ್ ಆಗುತ್ತಿದೆ, ಅಂದರೆ ಕೊಟ್ಟ ಹೊತ್ತಿನೊಳಗೆ ಉತ್ತರ ಕೊಡುತ್ತಿಲ್ಲ ಎಂದು ಫೋನಿಗೆ ಬರುತ್ತಿದ್ದುದರಿಂದ ಅದರ ಬ್ಯಾಟರಿ ಬದಲಾಯಿಸಿದ್ದಾರೆ, ಆಮೇಲೆ ಪೂರ್ತಿ ಪೆಟ್ಟಿಗೆಯನ್ನೇ ಬದಲಾಯಿಸಿದ್ದಾರೆ, ಆದರೂ ಅದೇ ಸುದ್ದಿ. ಮೂರನೆಯದು ಸಿಡಿದ ಪೈಪು. ಒಂದು ರಾತ್ರಿ ಮೋಟರ್ ಓಡುತ್ತಿತ್ತು, ಒಂದು ವಾಲ್ವ್ ಕೂಡ ತೆರೆದಿರಲಿಲ್ಲ.

ಹಿಂದೆ ರಿಪೇರಿಗೆ ಬಂದವರು ಮಾಡಿದ್ದೇನೆಂದು ಪ್ರೋಗ್ರಾಮಿನ ಹಳೆಯ ಪ್ರತಿಗಳಲ್ಲಿ ಗೊತ್ತಾಗುತ್ತಿತ್ತು. ಮೊದಲ ಪ್ರತಿಯಲ್ಲಿ ಟೈಮ್‌ಔಟ್ 500 ಮಿಲಿಸೆಕೆಂಡ್, ರೇಡಿಯೋದ ಸ್ಪ್ರೆಡಿಂಗ್ ಫ್ಯಾಕ್ಟರ್ (ಎಸ್‌ಎಫ್) 7. ಈ ಸಂಖ್ಯೆ ಹೆಚ್ಚಿದಷ್ಟೂ ರೇಡಿಯೋ ನಿಧಾನವಾಗಿ ಮಾತಾಡುತ್ತದೆ, ಆದರೆ ಮಾತು ಹೆಚ್ಚು ದೂರ ಕೇಳುತ್ತದೆ. ಮೇಜಿನ ಮೇಲೆ ಎಲ್ಲವೂ ನಡೆದಿರಬೇಕು. ಹೊಲಕ್ಕೆ ಬಂದಾಗ ಗುಡ್ಡದ ಆಚೆಯ ಏಳನೇ ಪೆಟ್ಟಿಗೆ ಸಿಗಲಿಲ್ಲ. ದೂರ ಹೆಚ್ಚಲೆಂದು ಸ್ಪ್ರೆಡಿಂಗ್ ಫ್ಯಾಕ್ಟರನ್ನು 12ಕ್ಕೆ ಏರಿಸಿದರು, ಟೈಮ್‌ಔಟನ್ನು 2 ಸೆಕೆಂಡ್ ಮಾಡಿದರು. ಅದರ ಮುಂದಿನ ಪ್ರತಿಯಲ್ಲಿ ಅದು 10 ಸೆಕೆಂಡ್. ಆ ಮುಂದಿನದರಲ್ಲಿ ಮತ್ತೆ 2. ಹತ್ತಕ್ಕೆ ಏರಿಸಿ ವಾಪಸ್ ಇಳಿಸಿದ್ದೇಕೆ ಎನ್ನುವುದಕ್ಕೂ ಕಾರಣ ಸಿಕ್ಕಿತು. ಮಾಸ್ಟರಿನಲ್ಲಿರುವುದು ಎಟಿಮೆಗಾ 328 ಚಿಪ್. ಅದರ ವಾಚ್‌ಡಾಗ್ ಟೈಮರ್ ಹೆಚ್ಚೆಂದರೆ 8 ಸೆಕೆಂಡ್ ತಾಳುತ್ತದೆ. ಅಷ್ಟರೊಳಗೆ ಪ್ರೋಗ್ರಾಮ್ ಬಂದು ಅದನ್ನು ತಟ್ಟದಿದ್ದರೆ ಚಿಪ್ಪನ್ನೇ ರೀಸೆಟ್ ಮಾಡಿಬಿಡುತ್ತದೆ. ಉತ್ತರಕ್ಕಾಗಿ ಹತ್ತು ಸೆಕೆಂಡ್ ಅಲ್ಲಾಡದೆ ನಿಂತ ಪ್ರೋಗ್ರಾಮನ್ನು ವಾಚ್‌ಡಾಗ್ ಎಂಟನೇ ಸೆಕೆಂಡಿಗೆ ಹೊಡೆದು ಎಬ್ಬಿಸುತ್ತಿತ್ತು. "ಬೋರ್ಡು ಪದೇ ಪದೇ ಆಫ್ ಆಗಿ ಆನ್ ಆಗೋದು" ಎಂದು ಯಜಮಾನರ ಮಗ ಹೇಳಿದ್ದು ಇದನ್ನೇ.

500, 2000, 10000. ಈ ಮೂರು ಸಂಖ್ಯೆಗಳಲ್ಲಿ ಒಂದಕ್ಕೂ ಹಿಂದೆ ಲೆಕ್ಕ ಇಲ್ಲ. ನಾನು ನೋಡಿದ ಪ್ರೋಗ್ರಾಮುಗಳಲ್ಲಿ ಟೈಮ್‌ಔಟ್ ಹೆಚ್ಚುಕಮ್ಮಿ ಯಾವಾಗಲೂ ಹೀಗೇ ಹುಟ್ಟುತ್ತದೆ. ಸಾಲದಾಯಿತೇ, ಒಂದು ಸೊನ್ನೆ ಸೇರಿಸು. ನಿಧಾನವಾಯಿತೇ, ಅರ್ಧ ಮಾಡು. ಲೋರಾದಂಥ ರೇಡಿಯೋದಲ್ಲಿ ಹೀಗೆ ಮಾಡಬೇಕಾದ ಅಗತ್ಯವೇ ಇಲ್ಲ. ಒಂದು ಪ್ಯಾಕೆಟ್ ಗಾಳಿಯಲ್ಲಿ ಎಷ್ಟು ಹೊತ್ತು ಇರುತ್ತದೆ ಎನ್ನುವುದನ್ನು ಮಿಲಿಸೆಕೆಂಡಿನವರೆಗೆ ಮೊದಲೇ ಲೆಕ್ಕ ಹಾಕಬಹುದು.

ಗಾಳಿಯಲ್ಲಿ ಕಳೆಯುವ ಹೊತ್ತು

ಲೋರಾದಲ್ಲಿ ಒಂದು ಸಿಂಬಲ್ಲಿನ (ರೇಡಿಯೋ ಒಂದು ಸಲಕ್ಕೆ ಕಳಿಸುವ ಸಂಕೇತದ) ಕಾಲ ಎಂದರೆ, 2ನ್ನು ಸ್ಪ್ರೆಡಿಂಗ್ ಫ್ಯಾಕ್ಟರಿನಷ್ಟು ಘಾತಕ್ಕೆ ಏರಿಸಿ (ಎಸ್‌ಎಫ್ 7 ಆದರೆ ಏಳು 2ಗಳ ಗುಣಲಬ್ಧ) ಬ್ಯಾಂಡ್‌ವಿಡ್ತಿನಿಂದ, ಅಂದರೆ ಸಿಗ್ನಲ್ ಬಳಸುವ ಫ್ರೀಕ್ವೆನ್ಸಿಯ ಅಗಲದಿಂದ, ಭಾಗಿಸಿದಾಗ ಬರುವುದು. 125 ಕಿಲೋಹರ್ಟ್ಝ್ ಬ್ಯಾಂಡ್‌ವಿಡ್ತಿನಲ್ಲಿ ಎಸ್‌ಎಫ್ 7ಕ್ಕೆ ಒಂದು ಸಿಂಬಲ್ 1.024 ಮಿಲಿಸೆಕೆಂಡ್, ಎಸ್‌ಎಫ್ 12ಕ್ಕೆ 32.768 ಮಿಲಿಸೆಕೆಂಡ್, ಅಂದರೆ ಮೂವತ್ತೆರಡು ಪಟ್ಟು. ಪ್ರತಿ ಸಿಂಬಲ್ ಹೊರುವ ಬಿಟ್‌ಗಳೂ ಹೆಚ್ಚುವುದರಿಂದ ಪೂರ್ತಿ ಪ್ಯಾಕೆಟ್ ಅಷ್ಟು ಪಟ್ಟು ಉದ್ದವಾಗುವುದಿಲ್ಲ, ಆದರೂ ಉದ್ದವಾಗುತ್ತದೆ. ಈ ತೋಟದಲ್ಲಿ ಮಾಸ್ಟರ್ ಕಳಿಸುವ ಆಜ್ಞೆ 12 ಬೈಟ್, ಪೆಟ್ಟಿಗೆ ಕೊಡುವ ಉತ್ತರ 20 ಬೈಟ್. ಸಾಮಾನ್ಯವಾಗಿ ಬಳಸುವ 8 ಸಿಂಬಲ್ಲಿನ ಪ್ರಿಯಾಂಬಲ್ (ಕೇಳುವವರನ್ನು ಎಚ್ಚರಿಸುವ ಮುನ್ನುಡಿ), 4/5 ಕೋಡಿಂಗ್ ರೇಟ್ (ನಾಲ್ಕು ಬಿಟ್ಟಿಗೆ ತಪ್ಪು ಹಿಡಿಯಲು ಒಂದು ಹೆಚ್ಚುವರಿ ಬಿಟ್) ಹಿಡಿದರೆ ಎಸ್‌ಎಫ್ 7ರಲ್ಲಿ ಆಜ್ಞೆಗೆ 41 ಮಿಲಿಸೆಕೆಂಡ್, ಉತ್ತರಕ್ಕೆ 57. ಅದೇ ಬೈಟ್‌ಗಳಿಗೆ ಎಸ್‌ಎಫ್ 12ರಲ್ಲಿ 1,155 ಮತ್ತು 1,319. ಹೋಗಿ ಬರುವುದಕ್ಕೇ 2.47 ಸೆಕೆಂಡ್ ಬೇಕು. ಪೆಟ್ಟಿಗೆ ಒಂದು ಕ್ಷಣವೂ ತಡಮಾಡದೆ ಉತ್ತರಿಸಿದರೂ 2 ಸೆಕೆಂಡಿನ ಟೈಮ್‌ಔಟಿನೊಳಗೆ ಆ ಉತ್ತರ ಬರುವಂತೆಯೇ ಇಲ್ಲ. ಒಂದು ಸಲವೂ ಬರುವಂತಿಲ್ಲ.

ಹಾಗಾದರೆ ಎಂಟೂ ಪೆಟ್ಟಿಗೆಗಳು ಪ್ರತಿ ಸಲವೂ ಟೈಮ್‌ಔಟ್ ಆಗಬೇಕಿತ್ತು. ಫೋನಿಗೆ ಮಾತ್ರ ಕರೆಂಟು ಬಂದ ಹೊಸದರಲ್ಲಿ ಒಂದೇ ಒಂದು ಟೈಮ್‌ಔಟಿನ ಸುದ್ದಿ ಬರುತ್ತಿತ್ತು, ಆಮೇಲೆ ಎಲ್ಲ ಸರಿ, ಸರಿ, ಸರಿ. ನಮ್ಮ ಕಣ್ಣು ತೆರೆಸಿದ್ದು ಈ ವಿಚಿತ್ರವೇ. ಲೆಕ್ಕದ ಪ್ರಕಾರ ಆಗಬಾರದ್ದು ಆಗುತ್ತಿದೆ ಎಂದರೆ ಪ್ರೋಗ್ರಾಮ್ ಬೇರೆ ಏನನ್ನೋ ಉತ್ತರವೆಂದು ಓದುತ್ತಿದೆ.

ಒಂದು ಸಾಲು ಹಿಂದೆ

ಮೋಟರ್ ಮನೆಯ ಹೊರಗೆ ಇನ್ನೊಂದು ರೇಡಿಯೋವನ್ನು ಬರೀ ಕೇಳಿಸಿಕೊಳ್ಳಲು ಇಟ್ಟು ಲ್ಯಾಪ್‌ಟಾಪಿಗೆ ಜೋಡಿಸಿದೆವು. ಮಾಸ್ಟರ್ ಚಿಪ್ಪಿಗೂ ಅದರ ರೇಡಿಯೋ ಮಾಡ್ಯೂಲಿಗೂ ನಡುವಿನ ಸೀರಿಯಲ್ ವೈರಿಗೂ ಒಂದು ಕವಲು ತೆಗೆದೆವು. ಗಾಳಿಯಲ್ಲಿ ಏನಾಯಿತು, ಚಿಪ್ ಏನು ತಿಳಿದುಕೊಂಡಿತು, ಎರಡೂ ಒಂದೇ ಗಡಿಯಾರದಲ್ಲಿ ಸಿಗಬೇಕು. ಒಂದರ ಲಾಗ್ ಮಾತ್ರ ನೋಡಿದ್ದರೆ ಏನೂ ಅರ್ಥವಾಗುತ್ತಿರಲಿಲ್ಲ. ಕರೆಂಟು ಬಂದ ಕೂಡಲೇ ಕಂಡದ್ದು ಇದು:

0.00 ಸೆಕೆಂಡ್: ಚಿಪ್ "ನಾಲ್ಕು, ತೆರೆ" ಎಂದು ಮಾಡ್ಯೂಲಿಗೆ ಬರೆಯಿತು. ಟೈಮರ್ ಇಲ್ಲಿಂದಲೇ ಶುರು.
1.16: ಆಜ್ಞೆ ಗಾಳಿಯಲ್ಲಿ ಹೋಗಿ ಮುಗಿಯಿತು.
1.56: ನಾಲ್ಕನೇ ಪೆಟ್ಟಿಗೆ ಕೆಪಾಸಿಟರ್ ತುಂಬಿಸಿ, ವಾಲ್ವ್ ತೆರೆದು, ಉತ್ತರ ಕೊಡಲು ಶುರು ಮಾಡಿತು.
2.00: ಚಿಪ್ ಕೈಬಿಟ್ಟಿತು. ನಾಲ್ಕು ಟೈಮ್‌ಔಟ್, ನಾಲ್ಕು ಮುಚ್ಚಿದೆ ಎಂದು ಬರೆದುಕೊಂಡಿತು.
2.88: ಉತ್ತರ ಪೂರ್ತಿ ಬಂದು ಸೀರಿಯಲ್ ಬಫರಿನಲ್ಲಿ (ಬಂದ ಬೈಟ್‌ಗಳು ಓದುವವರೆಗೆ ಕಾಯುವ ಜಾಗದಲ್ಲಿ) ಕೂತಿತು. ಓದುವವರಿಲ್ಲ.
10.00: ಮುಂದಿನ ಸರದಿ (ಹತ್ತು ಸೆಕೆಂಡಿಗೊಮ್ಮೆ ಮಾಸ್ಟರ್ ಮಾತಾಡುವ ಸರದಿ). "ಐದು, ತೆರೆ" ಎಂದು ಬರೆಯಿತು.
10.01: ಬಫರಿನಲ್ಲಿ ಕಾಯುತ್ತಿದ್ದ ಹಳೆಯ "ಸರಿ" ಓದಿತು. ಐದು ತೆರೆದಿದೆ ಎಂದು ಬರೆದುಕೊಂಡಿತು, ಮೋಟರ್ ಆನ್ ಮಾಡಿತು.

ಐದನೆಯ ಪೆಟ್ಟಿಗೆಗೆ ಆಜ್ಞೆಯ ಮೊದಲ ಬೈಟ್ ತಲುಪುವ ಮುಂಚೆಯೇ ಅದು "ತೆರೆದಿದೆ" ಎಂದು ದಾಖಲಾಗಿತ್ತು. ಐದರ ನಿಜವಾದ ಉತ್ತರ 12.88ಕ್ಕೆ ಬಂದು ಬಫರಿನಲ್ಲಿ ಕೂತು ಮುಂದಿನ ಪ್ರಶ್ನೆಗೆ ಕಾಯುತ್ತದೆ. ಹೀಗೆ ಒಮ್ಮೆ ಒಂದು ಹೆಜ್ಜೆ ಹಿಂದೆ ಬಿದ್ದ ಸಾಲು ಕರೆಂಟು ಹೋಗುವವರೆಗೂ ಹಿಂದೆಯೇ ಇರುತ್ತದೆ. ಪ್ರತಿ ಪ್ರಶ್ನೆಗೂ ಹಿಂದಿನ ಪ್ರಶ್ನೆಯ ಉತ್ತರ ತಕ್ಷಣ ಸಿಗುವುದರಿಂದ ಟೈಮ್‌ಔಟ್ ಮತ್ತೆ ಬರುವುದೇ ಇಲ್ಲ. ಕೆಟ್ಟುಹೋದ ವ್ಯವಸ್ಥೆ ಲಾಗಿನಲ್ಲಿ ಆರೋಗ್ಯವಾಗಿ ಕಾಣುತ್ತಿತ್ತು. ಉತ್ತರದ 20 ಬೈಟ್‌ಗಳೊಳಗೆ ಯಾವ ಪೆಟ್ಟಿಗೆ ಎಂಬ ಸಂಖ್ಯೆ ಇದ್ದೇ ಇತ್ತು. ಪ್ರೋಗ್ರಾಮ್ ಅದನ್ನು ನೋಡದೆ "ಸರಿ" ಎನ್ನುವ ಒಂದು ಬೈಟನ್ನು ಮಾತ್ರ ಹುಡುಕುತ್ತಿತ್ತು.

ಇಷ್ಟಾದ ಮೇಲೆ ಮೂರೂ ದೂರುಗಳು ಒಂದೇ ಎಳೆಯಲ್ಲಿ ಬಿಚ್ಚಿಕೊಂಡವು. ನಾಲ್ಕು ತೆರೆದಿದೆ, ಮಾಸ್ಟರಿನ ಪಟ್ಟಿಯಲ್ಲಿ ಅದು ಮುಚ್ಚಿದೆ. ಮುಚ್ಚಿರುವುದನ್ನು ಮುಚ್ಚು ಎಂದು ಹೇಳಬೇಕಾಗಿಲ್ಲವಲ್ಲ, ಆದ್ದರಿಂದ ನಾಲ್ಕನೇ ಪ್ಲಾಟಿಗೆ ಪಾಳಿ ಮುಗಿಯುವವರೆಗೂ ನೀರು. ಬುಡ ಕೊಳೆತದ್ದು ಹಾಗೆ. ಪೈಪ್ ಸಿಡಿದ ರಾತ್ರಿ ಐದನೇ ಪೆಟ್ಟಿಗೆಯ ಬ್ಯಾಟರಿ ಸತ್ತಿತ್ತು. ನಾಲ್ಕರಿಂದ ಐದಕ್ಕೆ ಸರದಿ ಬದಲಾಗುವಾಗ "ಐದು, ತೆರೆ" ಎಂಬ ಆಜ್ಞೆಗೆ ಬಫರಿನಲ್ಲಿದ್ದ ಹಳೆಯ "ಸರಿ" ಸಿಕ್ಕಿತು. ಆ ರಾತ್ರಿ ಮಾಸ್ಟರಿನ ಪಟ್ಟಿಯಲ್ಲಿ ನಾಲ್ಕು ತೆರೆದಿದೆ ಎಂದೇ ಇತ್ತು, ಆದ್ದರಿಂದ ಅದು ಧೈರ್ಯವಾಗಿ "ನಾಲ್ಕು, ಮುಚ್ಚು" ಎಂದಿತು, ನಾಲ್ಕು ಮುಚ್ಚಿತು. ಎಲ್ಲ ಬಾಗಿಲು ಹಾಕಿದ ಪೈಪಿಗೆ ಮೋಟರ್ ನೀರು ತುಂಬುತ್ತಲೇ ಹೋಯಿತು. ಐದರಿಂದ ಉತ್ತರವೇ ಬಾರದ್ದರಿಂದ ಬಫರ್ ಈಗ ಖಾಲಿ, ಹಾಗಾಗಿ ನಾಲ್ಕರ ಸರದಿಯಲ್ಲಿ ಟೈಮ್‌ಔಟ್ ಆಯಿತು. ಸತ್ತದ್ದು ಐದು, ಹೆಸರು ಬಂದದ್ದು ನಾಲ್ಕರದು. ಚೆನ್ನಾಗಿದ್ದ ನಾಲ್ಕನೇ ಪೆಟ್ಟಿಗೆಯನ್ನು ಬದಲಾಯಿಸಲು ಯಜಮಾನರು ಕಾಸು ಕೊಟ್ಟಿದ್ದರು.

"ಆಗಲಿಲ್ಲ" ಮತ್ತು "ಗೊತ್ತಾಗಲಿಲ್ಲ"

ಈ ಪ್ರಕರಣದಲ್ಲಿ ಬಫರ್ ಖಾಲಿ ಮಾಡದ್ದು, ಸಂಖ್ಯೆ ನೋಡದ್ದು ಎಲ್ಲ ತಪ್ಪೇ. ಆದರೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು 2.00 ಸೆಕೆಂಡಿನ ಆ ಒಂದು ಸಾಲು: ಟೈಮ್‌ಔಟ್ ಆಯಿತು, ಆದ್ದರಿಂದ ವಾಲ್ವ್ ಮುಚ್ಚಿದೆ. ಟೈಮ್‌ಔಟ್ ಆದಾಗ ನಮಗೆ ತಿಳಿಯುವುದು ನಮ್ಮ ತಾಳ್ಮೆ ಮುಗಿಯಿತು ಎನ್ನುವುದಷ್ಟೇ. ಆಜ್ಞೆ ತಲುಪದೇ ಹೋಗಿರಬಹುದು. ತಲುಪಿ, ಕೆಲಸವೂ ಆಗಿ, ಉತ್ತರ ಮಾತ್ರ ಕಳೆದುಹೋಗಿರಬಹುದು. ಉತ್ತರ ಇನ್ನೂ ದಾರಿಯಲ್ಲಿರಬಹುದು. ಈ ಮೂರರಲ್ಲಿ ಯಾವುದು ಎಂದು ಹೇಳುವ ಶಕ್ತಿ ಯಾವ ಟೈಮರಿಗೂ ಇಲ್ಲ, ಸಂಖ್ಯೆಯನ್ನು ಎಷ್ಟು ಚೆನ್ನಾಗಿ ಆರಿಸಿದರೂ ಇಲ್ಲ. ವೈರಿನಲ್ಲಿ ಈ ಸಂದೇಹ ಅಪರೂಪಕ್ಕೆ ಬರುತ್ತದೆ, ರೇಡಿಯೋದಲ್ಲಿ ದಿನವೂ ಬರುತ್ತದೆ. ಅದಕ್ಕೇ ಮೊದಲು ಮಾಡಿದ ಬದಲಾವಣೆ ಸಂಖ್ಯೆಯದ್ದಲ್ಲ. ವಾಲ್ವಿನ ಸ್ಥಿತಿ ತೆರೆದಿದೆ, ಮುಚ್ಚಿದೆ ಎಂದು ಎರಡೇ ಇದ್ದದ್ದನ್ನು ಮೂರು ಮಾಡಿದೆವು: ತೆರೆದಿದೆ, ಮುಚ್ಚಿದೆ, ಗೊತ್ತಿಲ್ಲ. ಗೊತ್ತಿಲ್ಲದ ವಾಲ್ವನ್ನು ನಂಬಿ ಮೋಟರ್ ಆನ್ ಆಗಬಾರದು. ಗೊತ್ತಿಲ್ಲದ ವಾಲ್ವಿಗೆ "ಮುಚ್ಚು" ಎಂದು ಹೇಳುವುದನ್ನು ಬಿಡಬಾರದು. ಒಂದೇ ಸ್ಥಿತಿ ಎರಡು ದಿಕ್ಕಿನಿಂದಲೂ ಎಚ್ಚರಿಕೆ ಕೇಳುತ್ತದೆ.

ಮತ್ತೆ ಕೇಳುವುದರಲ್ಲೂ ಇದೇ ಪ್ರಶ್ನೆ ಬರುತ್ತದೆ. ಉತ್ತರ ಬಾರದಿದ್ದರೆ ಆಜ್ಞೆಯನ್ನು ಇನ್ನೊಮ್ಮೆ ಕಳಿಸುತ್ತೇವೆ. ಮೊದಲನೆಯದು ತಲುಪಿದ್ದರೆ ಪೆಟ್ಟಿಗೆ ಒಂದೇ ಆಜ್ಞೆಯನ್ನು ಎರಡು ಸಲ ಕೇಳುತ್ತದೆ. "ತೆರೆ" ಎನ್ನುವುದನ್ನು ಎರಡು ಸಲ ಕೇಳಿದರೆ ತೊಂದರೆಯಿಲ್ಲ. "ಸ್ಥಿತಿ ಬದಲಾಯಿಸು" ಎಂದಿದ್ದರೆ ತೆರೆದದ್ದು ಮುಚ್ಚಿಹೋಗುತ್ತಿತ್ತು. ಪುಣ್ಯಕ್ಕೆ ಇಲ್ಲಿ ಹಾಗಿರಲಿಲ್ಲ. ಆದರೆ ಆಜ್ಞೆಯ ಪೂರ್ತಿ ರೂಪ "40 ನಿಮಿಷಕ್ಕೆ ತೆರೆ" ಎಂದಿತ್ತು, ಮತ್ತೆ ಕೇಳಿದಾಗಲೆಲ್ಲ ಪೆಟ್ಟಿಗೆಯ 40 ನಿಮಿಷ ಮೊದಲಿನಿಂದ ಶುರುವಾಗುತ್ತಿತ್ತು. ಪ್ರತಿ ಆಜ್ಞೆಗೂ ಒಂದು ಕ್ರಮಸಂಖ್ಯೆ ಕೊಟ್ಟೆವು. ಅದೇ ಸಂಖ್ಯೆ ಮತ್ತೆ ಬಂದರೆ ಪೆಟ್ಟಿಗೆ ಕೆಲಸವನ್ನು ಮತ್ತೆ ಮಾಡದೆ ಹಿಂದಿನ ಉತ್ತರವನ್ನೇ ಕೊಡುತ್ತದೆ. ಮಾಸ್ಟರ್ ಕೂಡ ತಾನು ಕಾಯುತ್ತಿರುವ ಪೆಟ್ಟಿಗೆ, ಕ್ರಮಸಂಖ್ಯೆ ಎರಡೂ ಹೊಂದಿದರೆ ಮಾತ್ರ ಉತ್ತರ ಎಂದು ಒಪ್ಪುತ್ತದೆ. ಹೊಂದದ್ದನ್ನು ಎಸೆಯುವುದಿಲ್ಲ, "ತಡವಾಗಿ ಬಂತು" ಎಂದು ಸಮಯದ ಸಮೇತ ಲಾಗಿಗೆ ಬರೆಯುತ್ತದೆ. ಟೈಮ್‌ಔಟ್ ಸಾಲುತ್ತಿದೆಯೇ ಎಂದು ತಿಳಿಯಲು ತಡವಾಗಿ ಬಂದ ಉತ್ತರಗಳಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಸಂಖ್ಯೆಗಳಿಗೆ ಬರೋಣ

ಕೆಪಾಸಿಟರ್ ತುಂಬುವ ಹೊತ್ತು ಮೇಜಿನ ಮೇಲೆ ಒಂದು ತರ, ಹೊಲದಲ್ಲಿ ಒಂದು ತರ. ಬ್ಯಾಟರಿ ತುಂಬಿದ ಮಧ್ಯಾಹ್ನ ಅದು 400 ಮಿಲಿಸೆಕೆಂಡಿನ ಆಸುಪಾಸು, ಬೆಳಗಿನ ಜಾವ ಬ್ಯಾಟರಿ ಇಳಿದಾಗ 900ರವರೆಗೆ. ಹಳೆಯ ಪ್ರೋಗ್ರಾಮಿನಲ್ಲಿ ಈ ಹೊತ್ತು ರೇಡಿಯೋದ ಹೊತ್ತಿನೊಳಗೆ ಬೆರೆತುಹೋಗಿತ್ತು. ವಾಲ್ವಿನ ಕೆಲಸ ತಡವಾದರೆ ರೇಡಿಯೋ ಕೆಟ್ಟಿದೆ ಎಂದು ವರದಿ ಬರುತ್ತಿತ್ತು. ಇವೆರಡನ್ನೂ ಬೇರೆ ಮಾಡಿದೆವು. ಪೆಟ್ಟಿಗೆ ಈಗ ಆಜ್ಞೆ ಬಂದ ಕೂಡಲೇ 10 ಬೈಟಿನ "ಕೇಳಿಸಿತು" ಎಂಬ ಉತ್ತರ ಕೊಡುತ್ತದೆ, ಆಮೇಲೆ ಕೆಲಸಕ್ಕೆ ಕೈಹಾಕುತ್ತದೆ. ಕೆಲಸ ಆಯಿತೇ ಎಂದು ಮಾಸ್ಟರ್ ಮುಂದಿನ ಸರದಿಯಲ್ಲಿ ಬೇರೆಯಾಗಿ ಕೇಳುತ್ತದೆ. ರೇಡಿಯೋಗೆ ಒಂದು ಟೈಮ್‌ಔಟ್, ವಾಲ್ವಿಗೆ ಇನ್ನೊಂದು.

ಆದರೆ ಸಂಖ್ಯೆಗಳನ್ನು ನಿಜವಾಗಿ ಇಳಿಸಿದ್ದು ಪ್ರೋಗ್ರಾಮ್ ಅಲ್ಲ, ಒಂದು ಜಿಐ ಪೈಪು. ಮಾಸ್ಟರಿನ ಆಂಟೆನಾ ತಗಡಿನ ಮಾಡಿನ ಮೋಟರ್ ಮನೆಯೊಳಗೆ, ಸ್ಟಾರ್ಟರ್ ಪಕ್ಕದಲ್ಲೇ ಇತ್ತು. ಅದನ್ನು ಹೊರಗೆ ತಂದು ಇಪ್ಪತ್ತು ಅಡಿಯ ಪೈಪಿನ ತುದಿಗೆ ಕಟ್ಟಿ, ಪೈಪಿಗೆ ಸರಿಯಾಗಿ ಅರ್ತಿಂಗ್ ಕೊಟ್ಟೆವು. ಬಂಡೆಯ ಆಚೆಯ ಏಳನೇ ಪೆಟ್ಟಿಗೆಯ ಸಿಗ್ನಲ್ ಮೊದಲು ಗದ್ದಲಕ್ಕಿಂತ 17 ಡೆಸಿಬೆಲ್ ಕೆಳಗಿತ್ತು, ಈಗ 8 ಡೆಸಿಬೆಲ್ ಕೆಳಗೆ. ಎಸ್‌ಎಫ್ 12 ಗದ್ದಲಕ್ಕಿಂತ 20 ಡೆಸಿಬೆಲ್ ಕೆಳಗಿನ ಸಿಗ್ನಲ್ಲನ್ನೂ ಹೆಕ್ಕಬಲ್ಲದು, ಎಸ್‌ಎಫ್ 10 ಹದಿನೈದರವರೆಗೆ. ಮೊದಲು ಎಸ್‌ಎಫ್ 12 ಅನಿವಾರ್ಯವಾಗಿತ್ತು. ಈಗ ಎಸ್‌ಎಫ್ 10ರಲ್ಲೇ 7 ಡೆಸಿಬೆಲ್ ಉಳಿಕೆ ಇದೆ. ಸ್ಪ್ರೆಡಿಂಗ್ ಫ್ಯಾಕ್ಟರ್ ಒಂದು ಮೆಟ್ಟಿಲು ಏರಿದರೆ ಸಿಗುವುದು ಸುಮಾರು ಎರಡೂವರೆ ಡೆಸಿಬೆಲ್, ಕೊಡಬೇಕಾದದ್ದು ಹೆಚ್ಚುಕಮ್ಮಿ ಎರಡು ಪಟ್ಟು ಹೊತ್ತು. ಆಂಟೆನಾ ಎತ್ತರಿಸಿದರೆ ಹೊತ್ತು ಕೊಡಬೇಕಾಗಿಲ್ಲ. ಸೆಟ್ಟಿಂಗ್ ಮುಟ್ಟುವ ಮೊದಲು ಏಣಿ ಹತ್ತಿ ಎಂದು ಈ ಕೆಲಸಕ್ಕೆ ಬರುವ ಹುಡುಗರಿಗೆ ನಾನು ಹೇಳುವುದು ಇದಕ್ಕೇ.

ಎಸ್‌ಎಫ್ 10ರಲ್ಲಿ ಕ್ರಮಸಂಖ್ಯೆಯೂ ಸೇರಿ 14 ಬೈಟಾದ ಆಜ್ಞೆಗೆ 289 ಮಿಲಿಸೆಕೆಂಡ್, "ಕೇಳಿಸಿತು" ಎಂಬುದಕ್ಕೂ 289. ಲೋರಾದಲ್ಲಿ ಬೈಟ್‌ಗಳು ಗುಂಪುಗುಂಪಾಗಿ ಹೋಗುವುದರಿಂದ ಹತ್ತಕ್ಕೂ ಹದಿನಾಲ್ಕಕ್ಕೂ ಇಲ್ಲಿ ಒಂದೇ ಹೊತ್ತು. ಸ್ಥಿತಿ ಹೇಳುವ 20 ಬೈಟಿಗೆ 371.

ಟೈಮರ್ ಎಲ್ಲಿಂದ ಶುರುವಾಗಬೇಕು ಎನ್ನುವುದು ಇನ್ನೊಂದು ಪ್ರಶ್ನೆ. ಚಿಪ್ ಮಾಡ್ಯೂಲಿಗೆ ಬೈಟ್‌ಗಳನ್ನು ಬರೆದ ಕ್ಷಣಕ್ಕೂ ಅವು ಗಾಳಿಗೆ ಹೋಗಿ ಮುಗಿದ ಕ್ಷಣಕ್ಕೂ ಅಂತರ ಇದೆ; ಎಸ್‌ಎಫ್ 12ರಲ್ಲಿ ಅದು ಒಂದು ಸೆಕೆಂಡಿಗಿಂತ ಹೆಚ್ಚು. ಹಳೆಯ 2 ಸೆಕೆಂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ತನ್ನ ಮಾತನ್ನು ತಾನು ಆಡಿ ಮುಗಿಸುವುದಕ್ಕೇ ಖರ್ಚಾಗುತ್ತಿತ್ತು. ಮಾಡ್ಯೂಲಿನಲ್ಲಿ ತಾನು ಕೆಲಸದಲ್ಲಿದ್ದೇನೆಯೇ ಬಿಡುವಾಗಿದ್ದೇನೆಯೇ ಎಂದು ಹೇಳುವ ಒಂದು ಪಿನ್ ಇದೆ, ಅದಕ್ಕೆ ವೈರನ್ನೇ ಜೋಡಿಸಿರಲಿಲ್ಲ. ಜೋಡಿಸಿದೆವು. ಈಗ ಕಳಿಸಿ ಮುಗಿದ ಮೇಲೆ ಟೈಮರ್ ಶುರು: ಪೆಟ್ಟಿಗೆಯ ರೇಡಿಯೋ ಕೇಳುವುದರಿಂದ ಹೇಳುವುದಕ್ಕೆ ಬದಲಾಗಲು 50 ಮಿಲಿಸೆಕೆಂಡ್, ಉತ್ತರಕ್ಕೆ ಹೆಚ್ಚೆಂದರೆ 371, ಒಟ್ಟು 421. ಇದರ ಮೇಲೆ ಧಾರಾಳವಾಗಿ ಉಳಿಕೆ ಇಟ್ಟು 800 ಮಿಲಿಸೆಕೆಂಡ್ ಎಂದು ನಿಲ್ಲಿಸಿದೆವು. ಮೂರು ಸಲ ಕೇಳಬಹುದು, ನಡುವೆ ಒಂದೂವರೆ ಸೆಕೆಂಡಿಗೆ ಮೀರದ ಬಿಡುವು. ತೀರಾ ಕೆಟ್ಟ ಲೆಕ್ಕದಲ್ಲೂ ಆರೂಕಾಲು ಸೆಕೆಂಡ್ ಚಿಲ್ಲರೆಗೆ ಮುಗಿಯುತ್ತದೆ, ಹತ್ತು ಸೆಕೆಂಡಿನ ಸರದಿಯೊಳಗೆ ಕೂರುತ್ತದೆ. ಕಾಯುವ ಕೋಡನ್ನೂ ನಿಂತು ಕಾಯದೆ ಸುತ್ತುತ್ತ ನೋಡುವಂತೆ ಬರೆದದ್ದರಿಂದ ವಾಚ್‌ಡಾಗಿಗೆ ಕೆಲಸವಿಲ್ಲ.

ಇಲ್ಲಿ ಪಾಲಿಸಿದ ನಿಯಮ ಒಂದೇ, ಒಳಗಿನ ಟೈಮ್‌ಔಟ್ ಹೊರಗಿನದಕ್ಕಿಂತ ಮೊದಲು ಮುಗಿಯಬೇಕು. ಒಂದು ಉತ್ತರದ ಕಾಯುವಿಕೆ ಮೂರು ಪ್ರಯತ್ನಗಳೊಳಗೆ, ಮೂರು ಪ್ರಯತ್ನ ಸರದಿಯೊಳಗೆ, ಸರದಿ ಮೋಟರಿನ ತೀರ್ಮಾನದೊಳಗೆ, ಮೋಟರಿನ ತೀರ್ಮಾನ ಪೆಟ್ಟಿಗೆಯ ಸ್ವಂತ ಗಡುವಿನೊಳಗೆ. ಪೆಟ್ಟಿಗೆಗೆ ಸ್ವಂತ ಗಡುವು ಏಕೆಂದರೆ, ಮಾಸ್ಟರ್ ಸತ್ತರೂ ವಾಲ್ವ್ ತೆರೆದೇ ಉಳಿಯಬಾರದು. ಹಾಗೆಂದು ಮಾಸ್ಟರಿನ ಸದ್ದು ಕೇಳದ ತಕ್ಷಣ ಮುಚ್ಚಿಕೊಳ್ಳಲೂ ಬಾರದು. ಮೋಟರ್ ಓಡುತ್ತಿರುವಾಗ ಮುಚ್ಚಿದರೆ ಪೈಪ್ ಮತ್ತೆ ಸಿಡಿಯುತ್ತದೆ. ಆದ್ದರಿಂದ ಒಂದು ಪ್ಲಾಟಿಗೆ 40 ನಿಮಿಷ ನೀರು ಬಿಡುವುದಾದರೆ ಪೆಟ್ಟಿಗೆಯ ಗಡುವು 45 ನಿಮಿಷ. ಅಷ್ಟರಲ್ಲಿ ಮೋಟರ್ ನಿಂತಿರುತ್ತದೆ, ಇಲ್ಲವೇ ಬೇರೆ ವಾಲ್ವ್ ತೆರೆದಿರುತ್ತದೆ. ಇಷ್ಟಾದರೂ ಪೈಪನ್ನು ಕಾಯುವ ಕೊನೆಯ ಹೊಣೆಯನ್ನು ರೇಡಿಯೋಗೆ ಬಿಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಮೋಟರಿನ ಬಾಯಲ್ಲಿ ಒಂದು ಪ್ರೆಶರ್ ಸ್ವಿಚ್ ಕೂರಿಸಿ ನೇರ ವೈರಿನಿಂದ ಸ್ಟಾರ್ಟರಿಗೆ ಜೋಡಿಸಿದೆವು. ಒತ್ತಡ ಏರಿದರೆ ಯಾರನ್ನೂ ಕೇಳದೆ ಮೋಟರ್ ನಿಲ್ಲುತ್ತದೆ.

ಪೆಟ್ಟಿಗೆಯ ಗಡುವಿನ ಕೋಡ್ ಓದುವಾಗ ಇನ್ನೊಂದು ದೋಷ ಕಣ್ಣಿಗೆ ಬಿತ್ತು. ಮಿಲಿಸೆಕೆಂಡ್ ಎಣಿಸುವ 32 ಬಿಟ್ಟಿನ ಲೆಕ್ಕ 4,29,49,67,296ಕ್ಕೆ, ಅಂದರೆ 49.7 ದಿನಕ್ಕೆ ಒಮ್ಮೆ ಸೊನ್ನೆಗೆ ಮರಳುತ್ತದೆ. ಮಾಸ್ಟರ್ ಕರೆಂಟಿನ ಜೊತೆ ದಿನವೂ ಮಲಗಿ ಏಳುವುದರಿಂದ ಅದಕ್ಕೆ ಚಿಂತೆಯಿಲ್ಲ. ಬ್ಯಾಟರಿಯ ಮೇಲೆ ತಿಂಗಳುಗಟ್ಟಲೆ ಎಚ್ಚರವಿರುವ ಪೆಟ್ಟಿಗೆಗೆ ಇದೆ. "ಶುರುವಾದ ಸಮಯಕ್ಕೆ ಅವಧಿ ಕೂಡಿಸಿ ಈಗಿನ ಸಮಯ ಅದನ್ನು ದಾಟಿತೇ" ಎಂದು ಬರೆದರೆ ಆ ದಿನ ಗಡುವು ತಪ್ಪುತ್ತದೆ. "ಈಗಿನ ಸಮಯದಲ್ಲಿ ಶುರುವಾದ ಸಮಯ ಕಳೆದು, ಉಳಿದದ್ದು ಅವಧಿಗಿಂತ ಹೆಚ್ಚೇ" ಎಂದು ಬರೆದರೆ ತಪ್ಪುವುದಿಲ್ಲ. ತಿದ್ದಿದೆವು.

ಕರೆಂಟು ಬಂದ ಮೊದಲ ನಿಮಿಷಗಳು

ಇಷ್ಟೆಲ್ಲ ಆದ ಮೇಲೂ ಕರೆಂಟು ಬಂದ ಹೊಸದರಲ್ಲಿ ಕೆಲವು ನಿಮಿಷ ಟೈಮ್‌ಔಟ್‌ಗಳು ಸಾಲಾಗಿ ಬರುತ್ತಿದ್ದವು, ಆಮೇಲೆ ತಾವಾಗಿಯೇ ನಿಲ್ಲುತ್ತಿದ್ದವು. ಹೊರಗಿಟ್ಟ ರೇಡಿಯೋದಲ್ಲಿ ನಮ್ಮದಲ್ಲದ ಪ್ಯಾಕೆಟ್‌ಗಳು ಕಂಡವು. ಪಕ್ಕದ ತೋಟದವರೂ ಅದೇ ಜನರಿಂದ ಅದೇ ವ್ಯವಸ್ಥೆ ಹಾಕಿಸಿದ್ದರು. ಎರಡು ತೋಟಕ್ಕೂ ಒಂದೇ ಫೀಡರ್. ಕರೆಂಟು ಬಂದ ಅದೇ ಕ್ಷಣಕ್ಕೆ ಎರಡು ಮಾಸ್ಟರುಗಳೂ ಏಳುತ್ತವೆ, ಅಷ್ಟೇ ಸೆಕೆಂಡ್ ತಡೆದು ಒಂದೇ ಫ್ರೀಕ್ವೆನ್ಸಿಯಲ್ಲಿ ಮಾತಾಡಲು ಹೊರಡುತ್ತವೆ, ಡಿಕ್ಕಿಯಾಗಿ ಎರಡಕ್ಕೂ ಉತ್ತರ ಸಿಗದೆ ಟೈಮ್‌ಔಟ್ ಆಗುತ್ತದೆ, ಅಷ್ಟೇ ಹೊತ್ತು ಬಿಟ್ಟು ಮತ್ತೆ ಒಟ್ಟಿಗೇ ಕೇಳಿ ಮತ್ತೆ ಡಿಕ್ಕಿ ಹೊಡೆಯುತ್ತವೆ. ಎರಡರ ಗಡಿಯಾರಗಳು ತುಸು ತುಸುವೇ ಸರಿದು ಬೇರೆಯಾದ ಮೇಲಷ್ಟೇ ದಾರಿ ತೆರವಾಗುತ್ತಿತ್ತು. ನೆಟ್‌ವರ್ಕ್ ಸಂಖ್ಯೆ ಬೇರೆ ಬೇರೆ ಇತ್ತು, ಆದರೆ ಅದು ಬಂದ ಪ್ಯಾಕೆಟ್ ಯಾರದೆಂದು ಹೇಳುತ್ತದೆಯೇ ಹೊರತು ಗಾಳಿಯಲ್ಲಿ ಡಿಕ್ಕಿ ತಪ್ಪಿಸುವುದಿಲ್ಲ.

ಇದಕ್ಕೆ ಮದ್ದು ಹಳೆಯದು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್‌ಸನ್ ಮತ್ತು ಅವರ ಜೊತೆಗಾರರು ದ್ವೀಪಗಳ ನಡುವೆ ಅಲೋಹಾ ಎಂಬ ರೇಡಿಯೋ ಜಾಲ ನಡೆಸಿದಾಗಲೇ ಕಂಡುಕೊಂಡದ್ದು: ಉತ್ತರ ಬಾರದಿದ್ದರೆ ಮತ್ತೆ ಕಳಿಸು, ಆದರೆ ಪ್ರತಿಯೊಬ್ಬರೂ ಮನಸ್ಸಿಗೆ ಬಂದಷ್ಟು ಹೊತ್ತು ಬಿಟ್ಟು ಕಳಿಸಲಿ. ಮೇಲೆ ಹೇಳಿದ ಒಂದೂವರೆ ಸೆಕೆಂಡಿಗೆ ಮೀರದ ಬಿಡುವು ಈಗ 0.3ರಿಂದ 1.5ರ ನಡುವೆ ಪ್ರತಿ ಸಲ ಬೇರೆ. ಎದ್ದ ಮೇಲಿನ ಮೊದಲ ಮಾತಿಗೂ ಇಪ್ಪತ್ತು ಸೆಕೆಂಡಿನೊಳಗೆ ಯಾವಾಗಲಾದರೂ ಶುರುವಾಗುವ ಹಾಗೆ ಮಾಡಿದೆವು. ಬರೀ ಚಿಪ್ಪಿನ ಲೆಕ್ಕದ ರ‍್ಯಾಂಡಮ್ ಸಂಖ್ಯೆ ಎರಡೂ ಬೋರ್ಡುಗಳಲ್ಲಿ ಒಂದೇ ತರ ಬರುತ್ತದೆ, ಆದ್ದರಿಂದ ಆ ಲೆಕ್ಕ ಶುರುವಾಗುವ ಸಂಖ್ಯೆಗೆ (ಬೀಜಕ್ಕೆ) ಆಯಾ ಬೋರ್ಡಿನ ಸಂಖ್ಯೆಯನ್ನೂ ಖಾಲಿ ಪಿನ್ನಿನ ಗದ್ದಲವನ್ನೂ ಸೇರಿಸಬೇಕಾಯಿತು. ಜೊತೆಗೆ ನಮ್ಮ ತೋಟವನ್ನು ಆ ಪಟ್ಟಿಯೊಳಗಿನ ಬೇರೆ ಫ್ರೀಕ್ವೆನ್ಸಿಗೆ ಸರಿಸಿದೆವು.

ಇಂಟರ್ನೆಟ್ಟಿನಲ್ಲಿ ಪ್ಯಾಕೆಟ್‌ಗಳು ತಪ್ಪದೆ ತಲುಪುವಂತೆ ನೋಡಿಕೊಳ್ಳುವ ಟಿಸಿಪಿ ಎಂಬ ನಿಯಮಾವಳಿ ಮಾಡುವ ಹಾಗೆ ಟೈಮ್‌ಔಟ್ ತಾನಾಗಿಯೇ ಕಲಿತುಕೊಳ್ಳಬಾರದೇ ಎಂದು ಯಜಮಾನರ ಮಗ ಕೇಳಿದ. ಆತ ಚಿಕ್ಕಬಳ್ಳಾಪುರದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಒಳ್ಳೆಯ ಪ್ರಶ್ನೆ. ವ್ಯಾನ್ ಜೇಕಬ್‌ಸನ್ 1988ರಲ್ಲಿ ತೋರಿಸಿದ ದಾರಿಯಲ್ಲಿ ಟಿಸಿಪಿ ಉತ್ತರಗಳ ಸರಾಸರಿ ಹೊತ್ತನ್ನೂ ಅದರ ಏರಿಳಿತವನ್ನೂ ಅಳೆಯುತ್ತ, ಸರಾಸರಿಗೆ ಏರಿಳಿತದ ನಾಲ್ಕು ಪಟ್ಟು ಸೇರಿಸಿ ಕಾಯುತ್ತದೆ. ಮತ್ತೆ ಕಳಿಸಿದ ಪ್ಯಾಕೆಟ್ಟಿನ ಉತ್ತರವನ್ನು ಆ ಅಳತೆಗೆ ಸೇರಿಸುವುದಿಲ್ಲ, ಏಕೆಂದರೆ ಉತ್ತರ ಮೊದಲ ಸಲದ್ದೋ ಎರಡನೆಯದ್ದೋ ತಿಳಿಯದು. ನಮ್ಮ ತೋಟದ ಒಂದು ಹೆಜ್ಜೆ ಹಿಂದಿನ ಸಾಲಿನಲ್ಲಿ ಇದ್ದ ಗೊಂದಲವೂ ಅದೇ. ಆದರೆ ಟಿಸಿಪಿಗೆ ನಡುವಿನ ದಾರಿ ಎಂಥದೆಂದು ಗೊತ್ತಿಲ್ಲ, ಅದಕ್ಕೆ ಅಳೆಯುತ್ತದೆ. ನಮಗೆ ದಾರಿ ಗೊತ್ತು, ಹೊತ್ತನ್ನು ಲೆಕ್ಕ ಹಾಕಬಲ್ಲೆವು. ಎಂಟು ವಾಲ್ವಿಗೆ ಲೆಕ್ಕದ ಸಂಖ್ಯೆಯೇ ಸರಿ. ಕಲಿಯುವ ಟೈಮ್‌ಔಟ್ ಹಾಕಿದ್ದರೆ ಕೆಡುತ್ತಿರುವ ಬ್ಯಾಟರಿಗೂ ಸದ್ದಿಲ್ಲದೆ ಹೊಂದಿಕೊಂಡು ನಮಗೆ ಹೇಳದೇ ಇರುತ್ತಿತ್ತು.

ಈಗ ಉಳಿದಿರುವುದು ಎರಡು ಕೆಲಸ. ಆರನೇ ಪೆಟ್ಟಿಗೆಯ ವಾಲ್ವ್ ಬೆಳಗಿನ ಜಾವ ಮಾತ್ರ ಮೊದಲ ಸಲ ಕೇಳಿದಾಗ ತೆರೆದಿರುವುದಿಲ್ಲ, ಎರಡನೇ ಸಲಕ್ಕೆ ತೆರೆದಿರುತ್ತದೆ. ಅದರ ಪ್ಯಾನೆಲ್ಲಿನ ಮೇಲೆ ಹಿಪ್ಪುನೇರಳೆ ಬೆಳೆದು ನೆರಳು ಬಿದ್ದಿದೆ, ಕಡ್ಡಿ ಕತ್ತರಿಸಿದ ಮೇಲೂ ಹಾಗೇ ಇದ್ದರೆ ಬ್ಯಾಟರಿ ಬದಲಾಯಿಸುತ್ತೇವೆ. ಪಕ್ಕದ ತೋಟದ ಮಾಸ್ಟರಿನಲ್ಲಿ ಇನ್ನೂ ಹಳೆಯ ಪ್ರೋಗ್ರಾಮೇ ಇದೆ, ಆ ಮನೆಯವರು ಈ ಟೊಮೆಟೊ ಬಿಡಿಸಿ ಮುಗಿದ ಮೇಲೆ ಬನ್ನಿ ಎಂದಿದ್ದಾರೆ. ಅಲ್ಲಿಯವರೆಗೆ ಅವರ ಮೋಟರಿಗೂ ಒಂದು ಪ್ರೆಶರ್ ಸ್ವಿಚ್ ಹಾಕಿ ಬಂದಿದ್ದೇವೆ.